ಗಜನಿಯ ಹಲಗೆ ನಮ್ಮ ಕೈಗೆ ಬಂದ ಮೇಲೆ

ಅಘನಾಶಿನಿ ನದಿ ಕಡಲು ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದಲ್ಲ, ಕುಮಟಾ ತಾಲೂಕಿನ ಆ ಹಿನ್ನೀರಿನ ದಡದಲ್ಲಿ ನಮ್ಮ ಗಜನಿ, ಅಂದರೆ ಕಟ್ಟೆ ಹಾಕಿ ಉಪ್ಪುನೀರು ತಡೆದ ತಗ್ಗು ಗದ್ದೆ. ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಎರಡಕ್ಕೂ ಇರುವ ದಾರಿ ಒಂದೇ, ಕಟ್ಟೆಯಲ್ಲಿನ ಹಲಗೆ ಬಾಗಿಲು.

ಮೊದಲು ಆ ಬಾಗಿಲು ಮೀನು ಹರಾಜು ಹಿಡಿದವರ ಕೈಲಿತ್ತು. ಒಂದೇ ವರ್ಷದ ಗುತ್ತಿಗೆ, ಹಾಕಿದ ದುಡ್ಡು ಅಷ್ಟರಲ್ಲೇ ಹುಟ್ಟಬೇಕು. ಹಾಗಾಗಿ ಸೊಳ್ಳೆಪರದೆಯಂಥ ಬಲೆ ಬಿತ್ತು. ಒಂದು ರಾತ್ರಿ ಬಲೆಯ ಬಾಯಿ ಬಿಚ್ಚಿದರೆ ಬುಟ್ಟಿಗೆ ಸುರಿದದ್ದು ಉಗುರಿನಷ್ಟು ಸಿಗಡಿ, ನಡುವೆ ಕಡ್ಡಿಯಂಥ ನೊಗ್ಲಿ ಮೀನಿನ ಮರಿಗಳು. ಪೇಟೆಗೆ ಒಯ್ಯುವಂಥದ್ದಲ್ಲ, ತೆಂಗಿನ ಬುಡಕ್ಕೆ ಹೋಯಿತು. ಅವತ್ತು ನನಗೆ ಊಟ ಸೇರಲಿಲ್ಲ. ಮೇ ಕೊನೆಗೂ ಉಪ್ಪುನೀರು ಒಳಗೇ ಇತ್ತು. ಕಗ್ಗ ಉಪ್ಪು ತಾಳುತ್ತದೆ, ನಿಜ. ಆದರೆ ಮೊಳಕೆ ಏಳಬೇಕಾದರೆ ಮೊದಲ ಮಳೆ ಗದ್ದೆಯ ಉಪ್ಪು ತೊಳೆದಿರಬೇಕು. ಆ ವರ್ಷ ಬೆಳೆ ಅರ್ಧಕ್ಕರ್ಧ ಹೋಯಿತು.

ಗದ್ದೆಯವರೆಲ್ಲ ಕೂತು ಕರಾರು ಬದಲಿಸಿದೆವು. ಮೀನು ಹರಾಜಿಗೆ ಹೋಗಲಿ, ಹಲಗೆ ಎತ್ತುವುದು ಇಳಿಸುವುದು ನಮ್ಮದು. ಬಲೆಯ ಕಣ್ಣಲ್ಲಿ ಕಿರುಬೆರಳು ತೂರಬೇಕು. ಮೇ ನಡುವಿಗೆ ಗಜನಿ ಖಾಲಿಯಾಗಬೇಕು. ಮೊದಲ ವರ್ಷ ಹರಾಜಿನ ಮೊತ್ತ ಇಳಿಯಿತು. "ಮರಿ ಬಿಟ್ಟು ಯಾರ ಹೊಟ್ಟೆ ತುಂಬಿಸ್ತೆ?" ಎಂದು ಅಣ್ಣ ರೇಗಿದ. ನನ್ನಲ್ಲಿ ಉತ್ತರ ಇರಲಿಲ್ಲ.

ಹಲಗೆ ಎತ್ತುವುದಕ್ಕೂ ಹದ ಇದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನ ಭರತ, ಅಂದರೆ ಕಡಲ ಉಬ್ಬರ, ಜೋರು, ಸಿಗಡಿ ಮರಿ ಬರುವುದೂ ರಾತ್ರಿಯ ಆ ನೀರಲ್ಲೇ. ಹೊರಗಿನ ನೀರು ಒಳಗಿನದಕ್ಕಿಂತ ಒಂದು ಗೇಣು ಏರಿದ ಮೇಲೆ ಮೇಲಿನ ಹಲಗೆಯಿಂದ ಒಂದೊಂದೇ ತೆಗೆಯುತ್ತೇವೆ. ಒಮ್ಮೆಲೇ ತೆಗೆದರೆ ನೀರು ಧುಮುಕಿ ಬಾಗಿಲ ಬುಡದ ಮಣ್ಣು ಕೊರೆಯುತ್ತದೆ. ಹರಿವು ನಿಂತ ಗಳಿಗೆಗೆ ಹಲಗೆ ಕೂರಿಸಬೇಕು, ತಡವಾದರೆ ಬಂದ ಮರಿ ಇಳಿತದ ಜೊತೆ ವಾಪಸ್. ಭರತ ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದೆ ಹೋಗುವುದರಿಂದ ನಿದ್ದೆಯೂ ಅದರ ಹಿಂದೆಯೇ. ಕೊಯ್ಲಾದ ಮೇಲೆ ಮೊದಲ ಎರಡು ಹುಣ್ಣಿಮೆ ಬಲೆ ಕಟ್ಟುವುದೇ ಇಲ್ಲ. ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಮರಿಗಳಿಗೆ ಮೇವಾಗುತ್ತದೆ.

ಮೂರನೇ ವರ್ಷ ಫೆಬ್ರವರಿಯಲ್ಲಿ ಬಂದ ಸಿಗಡಿ ಅಂಗೈ ಅಗಲ ಇತ್ತು. ಅಣ್ಣನೇ ಬುಟ್ಟಿ ಹೊತ್ತ.

ಕಟ್ಟೆಯ ಚಿಂತೆ ಮಾತ್ರ ಮುಗಿದಿಲ್ಲ. ಹಿಂದೆ ಮಣ್ಣಿನ ಕಟ್ಟೆ, ಅದನ್ನು ಹಿಡಿದಿಡಲು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡ. ಎಪ್ಪತ್ತರ ದಶಕದಲ್ಲಿ ಸರ್ಕಾರ ಗಟ್ಟಿ ಕಟ್ಟೆ ಕಟ್ಟಿದ ಮೇಲೆ ಕಾಂಡ್ಲಾ ಯಾಕೆ ಅಂತ ಕಡಿದರು. ಈಗ ಆ ಕಟ್ಟೆಯೂ ಅಲ್ಲಲ್ಲಿ ಜರಿದಿದೆ. ಈ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದಾಗ ನಾವು ಬಾಗಿಲ ಎರಡೂ ಬದಿಗೆ ಕಾಂಡ್ಲಾದ ಮೊಳೆತ ಕೋಡು ಊರುತ್ತಿದ್ದೆವು. ಅರ್ಧ ಅಲೆಗೆ ಹೋಗಿವೆ, ಉಳಿದವು ಮೊಣಕಾಲೆತ್ತರ ಬಂದಿವೆ. ಈ ಮಳೆ ಮುಗಿದ ಮೇಲೆ ಮತ್ತೆ ಊರುತ್ತೇವೆ.