ಏಷ್ಯನ್ ಹೋಟೆಲಿನಲ್ಲಿ ಐದು ಜನ: ಆರ್ಡರ್ ಕೆಡದಂತೆ ಊಟ ಮಾಡುವುದು ಹೇಗೆ?

ಗೆಳೆಯರ ಗುಂಪೊಂದು ಏಷ್ಯನ್ ಫ್ಯೂಷನ್ ಹೋಟೆಲಿಗೆ ಹೋಗಿ, ಅರ್ಧ ಗಂಟೆ ಮೆನು ತಿರುವಿಹಾಕಿ, ಕೊನೆಗೆ ಐದು ಪ್ಲೇಟ್ ಹಕ್ಕಾ ನೂಡಲ್ಸ್, ಎರಡು ಗೋಬಿ ಹೇಳುವುದನ್ನು ಚಿಕ್ಕಮಗಳೂರಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಷ್ಟಕ್ಕೆ ರಸ್ತೆ ಬದಿಯ ಗಾಡಿಯೇ ಸಾಕಿತ್ತು. ಥಾಯ್, ಜಪಾನ್, ಕೊರಿಯಾ, ಚೀನಾ ಎಲ್ಲ ಒಂದೇ ಮೆನುವಿನೊಳಗೆ ಬಂದು ಕೂತಿರುವಾಗ ಆರ್ಡರ್ ಹೇಳುವುದೇ ಕಷ್ಟದ ಕೆಲಸ. ತಿನ್ನುವುದು ಸುಲಭ.

ಹಂತ 1: ವಾರದ ನಡುವೆ ಹೋಗಿ. ಶನಿವಾರ ಸಂಜೆ ಬೆಂಗಳೂರಿನ ಗಾಡಿಗಳು ಮುಳ್ಳಯ್ಯನಗಿರಿ ಇಳಿದು ಬಂದ ಮೇಲೆ ಊರಿನವರಿಗೆ ಮೇಜು ಸಿಗುವುದು ಕಷ್ಟ. ಸಿಕ್ಕರೂ ಅಡುಗೆಮನೆಯವರಿಗೆ ನಿಮ್ಮ ಪ್ರಶ್ನೆ ಕೇಳಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ. ಪ್ರಶ್ನೆ ಕೇಳುವುದಿದೆ, ಮುಂದೆ ಹೇಳುತ್ತೇನೆ.

ಹಂತ 2: ಆರು ಜನಕ್ಕಿಂತ ಹೆಚ್ಚು ಬೇಡ.

ಹಂತ 3: ಮೆನು ಒಬ್ಬರ ಕೈಯಲ್ಲೇ ಇರಲಿ. ಐದು ಜನ ಐದು ಕಡೆಯಿಂದ ಕೂಗಿದರೆ ಮೇಜಿಗೆ ಬರುವುದೆಲ್ಲ ಕೆಂಪಗೆ, ಎಲ್ಲ ಕರಿದದ್ದು, ಎಲ್ಲ ಬೆಳ್ಳುಳ್ಳಿ. ‘ನಂಗೆ ನಂದೇ ಪ್ಲೇಟು ಮಾರಾಯ’ ಅನ್ನುವವರನ್ನು ಮುಂದಿನ ಸಲ ಕರೆಯಬೇಡಿ. ಇದು ನಮ್ಮ ಮನೆಯ ಊಟದ ಕ್ರಮವೇ. ಅನ್ನ ಅವರವರ ತಟ್ಟೆಗೆ, ಸಾರು ಪಲ್ಯ ಎಲ್ಲರ ನಡುವೆ.

ಮೆನು ಹಿಡಿದವರು ಮೊದಲು ಕೇಳಬೇಕಾದದ್ದು ಯಾರಿಗೆ ಏನು ಬೇಕು ಎಂದಲ್ಲ, ಯಾರು ಏನು ತಿನ್ನುವುದಿಲ್ಲ ಎಂದು. ನಮ್ಮ ಗುಂಪಿನಲ್ಲಿ ಒಬ್ಬ ಪೂರ್ತಿ ಸಸ್ಯಾಹಾರಿ, ಒಬ್ಬಳು ಸೋಮವಾರ ಮುಟ್ಟುವುದಿಲ್ಲ, ಇನ್ನೊಬ್ಬನಿಗೆ ಮೊಟ್ಟೆಯಷ್ಟೇ ನಡೆಯುತ್ತದೆ. ಶ್ರಾವಣ ಬಂದರೆ ಈ ಲೆಕ್ಕವೂ ತಲೆಕೆಳಗು. ಇಂಥಲ್ಲಿ ಮೆನುವಿನ ‘ವೆಜ್’ ಅಕ್ಷರವನ್ನು ನಂಬಿ ಕೂರಬೇಡಿ. ಥಾಯ್ ಹಸಿರು ಕರ್ರಿಯ ಪೇಸ್ಟಿಗೆ ಮೂಲದಲ್ಲಿ ಉಪ್ಪು ಹಾಕಿ ಹುದುಗಿಸಿದ ಸಿಗಡಿ ಬೀಳುತ್ತದೆ, ಕುದಿಯುವಾಗ ಮೀನಿನ ಸಾಸ್. ಕೊರಿಯಾದ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿಗೂ ಸಾಮಾನ್ಯವಾಗಿ ಇವೆರಡರಲ್ಲಿ ಒಂದು ಸೇರಿರುತ್ತದೆ. ಜಪಾನಿನ ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪಿನ ತಿಳಿ ಹೆಚ್ಚಾಗಿ ಒಣಮೀನಿನ ಚಕ್ಕೆಯಿಂದ ಇಳಿಸಿದ್ದು. ಬೇಯಿಸಿದ ಸೊಪ್ಪಿನ ಮೇಲೆ ಮಿರುಗುವ ಕಂದು ಸಾಸ್ ಆಯ್ಸ್ಟರ್ ಸಾಸ್ ಆಗಿದ್ದರೆ, ಅದು ಸಿಂಪಿಯಿಂದ ಬಂದದ್ದು.

ಒಂದು ಶ್ರಾವಣದಲ್ಲಿ ಹಸಿರು ಕರ್ರಿ ಕೇಳಿದಾಗ ಬಡಿಸುವ ಹುಡುಗ ‘ಪಕ್ಕಾ ವೆಜ್ ಸಾರ್’ ಎಂದ. ‘ಆ ಪೇಸ್ಟಿನ ಡಬ್ಬಿ ಸ್ವಲ್ಪ ತಗೊಂಡು ಬಾರಪ್ಪ’ ಎಂದೆ. ಬಂದ ಡಬ್ಬಿಯ ಮೇಲೆ ಹಸಿರು ಚುಕ್ಕೆ ಇರಲಿಲ್ಲ, ಮಾಂಸಾಹಾರದ ಗುರುತಾದ ಕಂದು ತ್ರಿಕೋನ ಇತ್ತು. ಹುಡುಗ ಸುಳ್ಳು ಹೇಳಿರಲಿಲ್ಲ. ಕೋಳಿ ಹಾಕದೆ ತರಕಾರಿ ಹಾಕಿದರೆ ಅವನ ಲೆಕ್ಕಕ್ಕೆ ವೆಜ್. ಆದ್ದರಿಂದ ‘ವೆಜ್ಜಾ?’ ಎಂದು ಕೇಳಲೇಬೇಡಿ. ‘ಪೇಸ್ಟು ನೀವೇ ಅರೀತೀರಾ, ಡಬ್ಬಿದಾ? ಫಿಶ್ ಸಾಸ್ ಬಿಟ್ಟು ಮಾಡ್ತೀರಾ?’ ಎಂದು ಕೇಳಿ. ಉತ್ತರ ತಡವರಿಸಿದರೆ ಆ ಕರ್ರಿ ಬಿಟ್ಟುಬಿಡಿ.

ಇನ್ನು ಅಳತೆ. ಐದು ಜನಕ್ಕೆ ಎರಡು ಸೂಪ್ (ಬೈ ಟೂ ಮಾಡಿಸಲು ನಾಚಿಕೆ ಬೇಡ), ಹಬೆಯಲ್ಲಿ ಬೆಂದದ್ದು ಒಂದು, ಕರಿದದ್ದು ಒಂದೇ ಒಂದು, ತೆಂಗಿನ ಹಾಲಿನ ಕರ್ರಿ ಒಂದು, ಡ್ರೈ ಐಟಂ ಒಂದು, ನೂಡಲ್ಸ್ ಒಂದು, ಬಿಳಿ ಅನ್ನ ಎರಡು ಬಟ್ಟಲು. ಸಾಲದಿದ್ದರೆ ಆಮೇಲೆ ಹೇಳಬಹುದು. ಕರ್ರಿಯ ಜೊತೆ ಫ್ರೈಡ್ ರೈಸ್ ತರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಚಿತ್ರಾನ್ನಕ್ಕೆ ಸಾರು ಕಲಸಿ ಉಣ್ಣುತ್ತೀರಾ? ಕಳಲೆ ಹಾಕಿದ ಐಟಂ ಇದ್ದರೆ ಡಬ್ಬಿಯದೋ ತಾಜಾದೋ ವಿಚಾರಿಸಿ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕೂತು ಡಬ್ಬಿಯ ಕಳಲೆ ತಿನ್ನುವ ಗ್ರಹಚಾರ ಬೇಡ.

‘ಶೆಜ್ವಾನ್’ ಎಂದಿರುವುದೆಲ್ಲ ನಮ್ಮ ದೇಶದ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿಯ ಚಟ್ನಿ. ಚೀನಾದ ಸಿಚುವಾನ್ ಅಡುಗೆಯ ಜೀವ ನಾಲಿಗೆ ಜುಮ್ಮೆನ್ನಿಸುವ ಒಂದು ಕಾಳು. ನಮ್ಮ ಜುಮ್ಮನಕಾಯಿಯ ಕುಲದ್ದೇ. ಅದು ಈ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಗೋಬಿ ಮಂಚೂರಿ ಕುಂಕುಮದಷ್ಟು ಕೆಂಪಗೆ ಬಂದರೆ ವಾಪಸ್ ಕಳಿಸಿ. 2024ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ.

ಹಂತ 4: ಊಟದ ಕಡ್ಡಿ (ಚಾಪ್‌ಸ್ಟಿಕ್) ಹಿಡಿಯುವುದು. ಕೆಳಗಿನ ಕಡ್ಡಿ ಹೆಬ್ಬೆರಳ ಸಂದಿಯಲ್ಲಿ ಕೂತು ಉಂಗುರ ಬೆರಳಿಗೆ ಒರಗಿರಬೇಕು, ಅಲುಗಾಡಬಾರದು. ಮೇಲಿನದನ್ನು ಪೆನ್ನಿನಂತೆ ಹಿಡಿದು ಅದೊಂದನ್ನೇ ಆಡಿಸಿ. ಬರದಿದ್ದರೆ ಚಮಚ ಕೇಳಿ, ಮರ್ಯಾದೆಯೇನೂ ಹೋಗುವುದಿಲ್ಲ. ಥಾಯ್ಲೆಂಡಿನವರು ಅನ್ನ ಉಣ್ಣುವುದೇ ಚಮಚ, ಫೋರ್ಕಿನಲ್ಲಿ. ಸುಶಿಯನ್ನು (ಮೀನೋ ತರಕಾರಿಯೋ ಸೇರಿಸಿದ ಜಪಾನಿನ ಹುಳಿ ಅನ್ನದ ತುತ್ತು) ಕೈಯಲ್ಲೇ ತಿನ್ನಬಹುದು. ಕಡ್ಡಿಯನ್ನು ಅನ್ನಕ್ಕೆ ಚುಚ್ಚಿ ನಿಲ್ಲಿಸಿ ಫೋಟೊ ಮಾತ್ರ ತೆಗೆಯಬೇಡಿ. ಜಪಾನಿನಲ್ಲಿ ಹಾಗೆ ಇಡುವುದು ಸತ್ತವರ ಎಡೆಗೆ.

ಸುಶಿಯಲ್ಲಿ ನನ್ನ ಆಯ್ಕೆ ಬೆಣ್ಣೆಹಣ್ಣಿನದು ಅಥವಾ ಬೇಯಿಸಿದ ಸಿಗಡಿಯದು. ಘಟ್ಟ ಹತ್ತಿ ಬಂದ ಮೀನನ್ನು ಹಸಿಯಾಗಿ ತಿನ್ನುವ ಧೈರ್ಯ ನನಗಿಲ್ಲ. ತಟ್ಟೆಯ ಮೂಲೆಯ ಹಸಿರು ಉಂಡೆ ಪುದಿನಾ ಚಟ್ನಿಯಲ್ಲ, ವಸಾಬಿ. ಬಹುತೇಕ ಕಡೆ ಸಿಗುವುದು ಅಸಲಿ ವಸಾಬಿಯೂ ಅಲ್ಲ, ಹಾರ್ಸ್‌ರ‍್ಯಾಡಿಶ್ ಎಂಬ ಗೆಡ್ಡೆಗೆ ಸಾಸಿವೆ, ಹಸಿರು ಬಣ್ಣ ಬೆರೆಸಿದ್ದು. ನಮ್ಮ ಗೆಳೆಯನೊಬ್ಬ ಪೂರ್ತಿ ಉಂಡೆ ಬಾಯಿಗೆ ಹಾಕಿಕೊಂಡು ಮೂಗು ಹಿಡಿದು ಹೊರಗೆ ಓಡಿದ್ದ. ಕಾಳುಮೆಣಸಿನಷ್ಟು ತೆಗೆದುಕೊಂಡರೆ ಬೇಕಾದಷ್ಟಾಯಿತು.

ಹಂತ 5: ಬಿಲ್. ಸಮನಾಗಿ ಹಂಚಿ, ಕುಡಿದವರದ್ದು ಬೇರೆ. ಊರಿನ ಮಾಮೂಲಿ ರೆಸ್ಟೋರೆಂಟಿನಲ್ಲಿ ಊಟಕ್ಕೆ ಜಿಎಸ್‌ಟಿ ಶೇ 5. ಅದರ ಮೇಲೆ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಸಿ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ. ಡಬ್ಬಿ ತಂದು ತೋರಿಸಿದ ಹುಡುಗನ ಕೈಗೆ ಬೇರೆಯಾಗಿ ಏನಾದರೂ ಕೊಡಿ.

ಉಳಿದ ನೂಡಲ್ಸ್ ಕಟ್ಟಿಸಬೇಡಿ, ಬೆಳಗಾಗುವುದರೊಳಗೆ ಮುದ್ದೆ. ಕರ್ರಿ ಉಳಿದರೆ ಕಟ್ಟಿಸಿಕೊಂಡು ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಚೆನ್ನಾಗಿ ಕುದಿಸಿ ಬಿಸಿ ಒತ್ತು ಶಾವಿಗೆಯ ಮೇಲೆ ಸುರಿದುಕೊಳ್ಳಿ.