ಇಪ್ಪತ್ತು ಮಕ್ಕಳು ಒಟ್ಟಿಗೆ ಲಾಗಿನ್ ಆದಾಗ

ಕುಮಟಾ ತಾಲ್ಲೂಕಿನ ನಮ್ಮ ಹೈಸ್ಕೂಲಿನಿಂದ ಸಮುದ್ರ ಒಂದು ಕಿಲೋಮೀಟರೂ ಇಲ್ಲ. ಮಧ್ಯಾಹ್ನದ ಮೇಲೆ ಗಾಳಿ ತಿರುಗಿದರೆ ಕಿಟಕಿಯ ಸರಳು ಮುಟ್ಟಿದರೆ ಅಂಟಂಟು. ಆ ಉಪ್ಪುಗಾಳಿ ಕಂಪ್ಯೂಟರ್ ಲ್ಯಾಬಿನ ಒಳಗೆ ಏನೇನು ಮಾಡುತ್ತದೆ ಎಂದು ನನಗೆ ಸರಿಯಾಗಿ ಗೊತ್ತಾದದ್ದು ಒಂಬತ್ತನೇ ತರಗತಿಯ 54 ಮಕ್ಕಳು ಆನ್‌ಲೈನಿನಲ್ಲಿ ಪರೀಕ್ಷೆ ಬರೆಯಬೇಕಾಗಿ ಬಂದಾಗ. ನಾನು ಗಣಿತದ ಶಿಕ್ಷಕಿ. ಲ್ಯಾಬಿನ ಜವಾಬ್ದಾರಿಯೂ ನನ್ನದೇ. ಪರೀಕ್ಷೆ ಆಗಸ್ಟ್ ಕೊನೆಯ ವಾರ, ಅಂದರೆ ಮಳೆ ಇನ್ನೂ ಬಿಟ್ಟಿರದ ಹೊತ್ತು.

ಮೊದಲ ದಿನ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಒಂದು ಕಂಪ್ಯೂಟರಿನಲ್ಲಿ ಸ್ಪೀಡ್ ಟೆಸ್ಟ್ ಓಡಿಸಿ ನೋಡಿದೆ. ನಾವು ದುಡ್ಡು ಕಟ್ಟುವುದು 50 ಎಂಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ 50 ಮೆಗಾಬಿಟ್; ತೋರಿಸಿದ್ದು 47. ಹೆಡ್ ಮಾಸ್ತರ್ರಿಗೆ "ತೊಂದರೆ ಇಲ್ಲ ಸರ್" ಎಂದು ಹೇಳಿ ಬಂದೆ.

ಆಗಸ್ಟ್ 16ಕ್ಕೆ ತಾಲೀಮು ಇಟ್ಟುಕೊಂಡೆವು. ಇಪ್ಪತ್ತು ಕಂಪ್ಯೂಟರಿಗೆ ಇಪ್ಪತ್ತು ಮಕ್ಕಳು, ಪರೀಕ್ಷೆಯ ಜಾಲತಾಣದಲ್ಲೇ ಒಂದು ಅಭ್ಯಾಸ ಪತ್ರಿಕೆ. ಹತ್ತು ಗಂಟೆಗೆ ಎಲ್ಲರೂ ಒಟ್ಟಿಗೆ ಲಾಗಿನ್ ಒತ್ತಿದರು. ಹನ್ನೊಂದು ಪರದೆಯಲ್ಲಿ ಪ್ರಶ್ನೆ ಬಂತು. ಆರರಲ್ಲಿ ಚಕ್ರ ತಿರುಗುತ್ತಲೇ ಇತ್ತು. ಉಳಿದ ಮೂರು ಲಾಗಿನ್ ಪುಟವನ್ನೇ ತೆರೆಯಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿ, "ಅಕ್ಕೋರೇ, ನಾನು ಏನೋ ತಪ್ಪು ಒತ್ತಿದೆ ಕಾಣ್ತದೆ" ಅಂದಳು. ಅವಳು ಏನೂ ತಪ್ಪು ಒತ್ತಿರಲಿಲ್ಲ. ಕೇಬಲ್ಲಿನ ತಪ್ಪನ್ನು ಮಗು ತನ್ನ ತಪ್ಪೆಂದು ತಿಳಿದು ಹೆದರಿ ಕೂತಿತ್ತಲ್ಲ, ಅದು ನನ್ನನ್ನು ಬಹಳ ದಿನ ಕಾಡಿತು.

ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಪರೀಕ್ಷೆಯ ಪುಟ ಮೊದಲ ಸಲ ತೆರೆಯುವಾಗ ಚಿತ್ರಗಳೆಲ್ಲ ಸೇರಿ ಸುಮಾರು 4 ಮೆಗಾಬೈಟ್ ಇಳಿಯುತ್ತಿತ್ತು. ಇಪ್ಪತ್ತು ಕಂಪ್ಯೂಟರಿಗೆ 80 ಮೆಗಾಬೈಟ್. ಒಂದು ಬೈಟಿಗೆ 8 ಬಿಟ್, ಹಾಗಾಗಿ 640 ಮೆಗಾಬಿಟ್. ಸೆಕೆಂಡಿಗೆ 50 ಮೆಗಾಬಿಟ್ ಇಳಿಯುವ ಸಂಪರ್ಕದಲ್ಲಿ ಇದು 13 ಸೆಕೆಂಡಿನ ಕೆಲಸ. ಒಂದಷ್ಟು ಸೋರಿಕೆ ಹಿಡಿದರೂ ಅರ್ಧ ನಿಮಿಷ ದಾಟಬಾರದು. ನಮ್ಮಲ್ಲಿ ಆರು ನಿಮಿಷವಾದರೂ ಮುಗಿದಿರಲಿಲ್ಲ. ಹಾಗಾದರೆ ಉಳಿದ ಹೊತ್ತು ಎಲ್ಲಿ ಹೋಯಿತು? ಮುಂದಿನ ಹತ್ತು ದಿನ ನಾನು ಹುಡುಕಿದ್ದು ಇದನ್ನೇ. ನಡುವೆ ಮಳೆಯ ರಜೆ ಎರಡು ದಿನ ತಿಂದಿತು.

ಮೊದಲು ಒಳಗಿನ ದೋಷ ಯಾವುದು, ಹೊರಗಿನ ದೋಷ ಯಾವುದು ಎಂದು ಬೇರೆ ಮಾಡಬೇಕಿತ್ತು. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರೊಂದಕ್ಕೆ ಮೂಡಲ್ ಹಾಕಿದೆ. ಅದು ಉಚಿತವಾಗಿ ಸಿಗುವ ತಂತ್ರಾಂಶ, ಅದರಲ್ಲೇ ಕ್ವಿಜ್ ಮಾಡಬಹುದು. ಇಂಟರ್ನೆಟ್ ತಂತಿ ಕಿತ್ತಿಟ್ಟು, ಲ್ಯಾಬಿನ ಒಳಗೇ ಇಪ್ಪತ್ತೂ ಕಂಪ್ಯೂಟರಿನಿಂದ ಅದರ ಮೇಲೆ ಪರೀಕ್ಷೆ ಬರೆಸಿದೆ. ಹೊರಗಿನ ಸಂಪರ್ಕವೇ ಇಲ್ಲದಾಗಲೂ ಮೂರು ಕಂಪ್ಯೂಟರ್ ಎಳೆದಾಡಿದವು. ಈ ಮೂರರ ಮಟ್ಟಿಗೆ ಇಂಟರ್ನೆಟ್ ಕಂಪನಿಯನ್ನು ದೂರಿ ಪ್ರಯೋಜನವಿಲ್ಲ ಎಂದು ಅಲ್ಲೇ ಗೊತ್ತಾಯಿತು. ಐಪರ್ಫ್ ಎಂಬ ಸಣ್ಣ ತಂತ್ರಾಂಶದಿಂದ ಲ್ಯಾಬಿನ ಒಳಗೆ ಒಂದೊಂದರ ವೇಗವನ್ನೂ ಅಳೆದೆ. ಎಲ್ಲ ಕಂಪ್ಯೂಟರಿನ ಕೇಬಲ್ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ, ನಮ್ಮದು 100 ಎಂಬಿಪಿಎಸ್‌ನದು. ಸರಿ ಇದ್ದ ಕಂಪ್ಯೂಟರುಗಳೆಲ್ಲ 94 ತೋರಿಸಿದವು, ಅಂಥ ಸ್ವಿಚ್ಚಿನಲ್ಲಿ ಅಷ್ಟೇ ಬರಬೇಕು. ಈ ಮೂರು ಮಾತ್ರ ಒಮ್ಮೆ 8, ಒಮ್ಮೆ 3, ಒಮ್ಮೆ ಸೊನ್ನೆ.

ಅದರಲ್ಲೊಂದು ಕೇಬಲ್ಲಿನ ತುದಿ ಎಳೆದು ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಪ್ಲಾಸ್ಟಿಕ್ ತಲೆಯೊಳಗೆ ಎಂಟು ಸಣ್ಣ ಹಲ್ಲುಗಳು, ಚಿನ್ನದ ಬಣ್ಣದಲ್ಲಿ ಹೊಳೆಯಬೇಕಾದವು. ಮೊದಲನೆಯದರ ಮೇಲೂ ಮೂರನೆಯದರ ಮೇಲೂ ಹಸಿರು ಚುಕ್ಕೆ. ದೇವರ ಗೂಡಿನ ತಾಮ್ರದ ತಂಬಿಗೆ ನಾಲ್ಕು ದಿನ ತೊಳೆಯದಿದ್ದರೆ ಹಿಡಿಯುವ ಕಿಲುಬು ಇದೆಯಲ್ಲ, ಅದೇ. 100 ಎಂಬಿಪಿಎಸ್ ಸಂಪರ್ಕಕ್ಕೆ ಬೇಕಾಗುವುದು 1, 2, 3 ಮತ್ತು 6ನೇ ಹಲ್ಲು. ಅವುಗಳಲ್ಲಿ ಎರಡಕ್ಕೆ ಕಿಲುಬು ಹಿಡಿದರೆ ಸ್ವಿಚ್ಚಿನ ದೀಪವೇನೋ ಉರಿಯುತ್ತದೆ, ದತ್ತಾಂಶ ಮಾತ್ರ ದಾರಿಯಲ್ಲಿ ಬಿದ್ದು ಬಿದ್ದು ಮತ್ತೆ ಹೊರಡುತ್ತದೆ. ದೀಪ ನೋಡಿ "ಕೇಬಲ್ ಸರಿ ಇದೆ" ಎಂದು ಹೇಳುವುದನ್ನು ನಾನು ಅವತ್ತೇ ಬಿಟ್ಟೆ.

ಆ ತಲೆಗಳನ್ನೆಲ್ಲ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದೆ, ಅಂದರೆ ಇಕ್ಕಳದಿಂದ ಒತ್ತಿ ಕೂರಿಸಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಎರಡೂ ತುದಿಯಲ್ಲಿ ಇದೇ ಕ್ರಮ. ಜೋಡಿ ಎಳೆಗಳ ಹುರಿಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು; ಆ ಹುರಿಯೇ ಅಕ್ಕಪಕ್ಕದ ಗದ್ದಲವನ್ನು ತಡೆಯುವುದು. ಹೀಗೆ ಕತ್ತರಿಸುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ, ಮೇಲೆ ತಾಮ್ರ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಹಿಂದೆ ಯಾರೋ ಅಗ್ಗಕ್ಕೆ ಸಿಕ್ಕಿತೆಂದು ತಂದು ಹಾಕಿದ ತಂತಿ. ಕರಾವಳಿಯಲ್ಲಿ ಇಂಥದ್ದಕ್ಕೆ ಆಯುಷ್ಯ ಕಡಿಮೆ. ಆರು ಕೇಬಲ್ ಪೂರ್ತಿ ಬದಲಾಯಿಸಿ ಅಪ್ಪಟ ತಾಮ್ರದ ಕ್ಯಾಟ್-6 ಎಳೆಸಿದೆವು. ಹೆಡ್ ಮಾಸ್ತರ್ರು ಒಂದು ಮಾತೂ ಆಡದೆ ಬಿಲ್ಲಿಗೆ ಸಹಿ ಹಾಕಿದರು. ಈಗ ಮಳೆಗಾಲದಲ್ಲಿ ದಿನಕ್ಕೊಂದು ತಾಸಾದರೂ ಎಲ್ಲ ಕಂಪ್ಯೂಟರ್ ಚಾಲೂ ಇಡುತ್ತೇನೆ, ಒಳಗಿನ ಬಿಸಿಗೆ ತೇವ ಆರುತ್ತದೆ. ಸಮುದ್ರದ ದಿಕ್ಕಿನ ಎರಡು ಕಿಟಕಿ ಮಧ್ಯಾಹ್ನದ ನಂತರ ತೆಗೆಯುವುದಿಲ್ಲ.

ಲಾಗಿನ್ ಪುಟವನ್ನೇ ತೆರೆಯದ ಮೂರು ಕಂಪ್ಯೂಟರುಗಳ ಕತೆ ಬೇರೆ. ಅವುಗಳ ಪರದೆಯ ಮೂಲೆಯಲ್ಲಿ ದಿನಾಂಕ 2012ರ ಜನವರಿ 1. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್ 2032 ಎಂದು ಹೆಸರು. ವಿದ್ಯುತ್ ಇಲ್ಲದಾಗಲೂ ಗಡಿಯಾರ ಓಡಿಸುವುದು ಅದರ ಕೆಲಸ. ಅದು ಸತ್ತರೆ ಪ್ಲಗ್ ತೆಗೆದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತದೆ, ನಮ್ಮಲ್ಲೋ ಸಿಡಿಲಿನ ಹೆದರಿಕೆಗೆ ಸಂಜೆ ಪ್ಲಗ್ ತೆಗೆದೇ ಹೋಗುವುದು. ಸುರಕ್ಷಿತ ಜಾಲತಾಣಗಳು ತಾವು ಅಸಲಿ ಎಂದು ಬ್ರೌಸರಿಗೆ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. 2012ರಲ್ಲಿ ಕೂತ ಕಂಪ್ಯೂಟರಿಗೆ ಆ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಬ್ರೌಸರ್ ಬಾಗಿಲು ತೆರೆಯುವುದಿಲ್ಲ. ಮೀಟರ್ ಹಿಡಿದರೆ 3 ವೋಲ್ಟ್ ಇರಬೇಕಾದ ಬ್ಯಾಟರಿ 2.1 ತೋರಿಸಿತು. ಇಪ್ಪತ್ತಕ್ಕೂ ಹೊಸದು ಹಾಕಿದೆ. ಇಡೀ ತಯಾರಿಯಲ್ಲಿ ಇದಕ್ಕಿಂತ ಕಡಿಮೆ ಖರ್ಚಿನ ಕೆಲಸ ಇರಲಿಲ್ಲ.

ಇಷ್ಟಾದ ಮೇಲೆ ಮೂಡಲ್ ಪರೀಕ್ಷೆ ನೀರು ಹರಿದಂತೆ ಹೋಯಿತು. ಇಂಟರ್ನೆಟ್ ತಂತಿ ಹಾಕಿದರೆ ಮತ್ತೆ ಅದೇ ಚಕ್ರ.

ಒಂದು ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಎಂದು ನೋಡುವುದಕ್ಕೆ ಪಿಂಗ್ ಎನ್ನುತ್ತಾರೆ; ಒಂದು ಕಂಪ್ಯೂಟರಿನಿಂದ ಹೊರಗಿನ ಸರ್ವರಿಗೆ ನಿಲ್ಲದೆ ಪಿಂಗ್ ಹಾಕಿ ಬಿಟ್ಟು ಪಾಠಕ್ಕೆ ಹೋದೆ. ಬಂದು ನೋಡಿದರೆ ಬೆಳಿಗ್ಗೆ 20 ಮಿಲಿಸೆಕೆಂಡಿಗೆ ಬರುತ್ತಿದ್ದ ಉತ್ತರ ಹತ್ತೂವರೆ ಹೊತ್ತಿಗೆ 1400ಕ್ಕೆ ಏರಿದೆ. ಮಧ್ಯಾಹ್ನ ಊಟದ ಹೊತ್ತಿಗೂ ಅಷ್ಟೇ. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಮತ್ತೆ 20. ರೂಟರಿನ ಪುಟ ತೆರೆದು ಎಣಿಸಿದೆ, 31 ಸಾಧನಗಳು! ಇಪ್ಪತ್ತು ಲ್ಯಾಬಿನವು, ಒಂದು ಆಫೀಸಿನದು, ಉಳಿದ ಹತ್ತು ನಮ್ಮೆಲ್ಲರ ಮೊಬೈಲು, ನನ್ನದೂ ಸೇರಿ. ಆಗ ಹೊಳೆಯಿತು. ಆಗಸ್ಟ್ 15ರ ಧ್ವಜಾರೋಹಣ, ಮಕ್ಕಳ ಪ್ರಭಾತಫೇರಿ, ಡ್ರಿಲ್ಲು, ಎಲ್ಲದರ ವಿಡಿಯೋ ಎಲ್ಲರ ಮೊಬೈಲಿನಲ್ಲಿತ್ತು. ಶಾಲೆಯ ವೈಫೈ ಸಿಕ್ಕಿದ ಕೂಡಲೇ ಮೊಬೈಲುಗಳು ತಾವಾಗಿಯೇ ಅವನ್ನೆಲ್ಲ ಮೇಲಕ್ಕೆ, ಅಂದರೆ ಇಂಟರ್ನೆಟ್ಟಿಗೆ, ಕಳಿಸುತ್ತಿದ್ದವು.

ಸ್ಪೀಡ್ ಎಂದರೆ ಕೆಳಗಿಳಿಯುವ ದಾರಿ ಎಂದಷ್ಟೇ ನಾವು ತಿಳಿದಿರುತ್ತೇವೆ. ಮಗು ಒತ್ತುವ ಪ್ರತಿ ಉತ್ತರ ಮೊದಲು ಮೇಲಕ್ಕೆ ಹೋಗಬೇಕು. ಶಿವರಾತ್ರಿಯ ತೇರಿನ ದಿನ ಗೋಕರ್ಣದ ರಥಬೀದಿಯಲ್ಲಿ ನಿಂತವರಿಗೆ ಇದು ಗೊತ್ತು. ನಿಮ್ಮ ಕೈಯಲ್ಲಿರುವುದು ಒಂದೇ ಒಂದು ಬಾಳೆಹಣ್ಣಾದರೂ ಮುಂದಿನ ಜನ ಸರಿಯುವವರೆಗೆ ನೀವು ನಿಂತಲ್ಲೇ. ಒಂದು ಉತ್ತರ ಕೆಲವು ನೂರು ಬೈಟಿನದು, ಅದರ ಮುಂದೆ ನೂರಾರು ಮೆಗಾಬೈಟಿನ ವಿಡಿಯೋ ಸಾಲುಗಟ್ಟಿ ನಿಂತಿದ್ದರೆ ಅದೂ ಕಾಯಲೇಬೇಕು. ಆರು ನಿಮಿಷದ ದೊಡ್ಡ ಪಾಲು ಹೋದದ್ದು ಇಲ್ಲಿ. ಸ್ಟಾಫ್ ರೂಮಿನಲ್ಲಿ ವಿಷಯ ಹೇಳಿದೆ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ವೈಫೈ ಪಾಸ್‌ವರ್ಡ್ ಬದಲಾಯಿಸಿ, ಪರೀಕ್ಷೆಯ ದಿನಗಳಲ್ಲಿ ವೈಫೈಯನ್ನೇ ಆರಿಸುವುದೆಂದು ತೀರ್ಮಾನವಾಯಿತು. ವಿಂಡೋಸ್ ಅಪ್‌ಡೇಟ್ ಎಲ್ಲ ಹಿಂದಿನ ವಾರವೇ ಮುಗಿಸಿ, ಆಮೇಲೆ ತಡೆಹಿಡಿದೆ. ಇಪ್ಪತ್ತರಲ್ಲಿ ಒಂದೇ ಒಂದು ಕಂಪ್ಯೂಟರ್ ಪರೀಕ್ಷೆಯ ನಡುವೆ ಅಪ್‌ಡೇಟ್ ಎಳೆಯಲು ಶುರುಮಾಡಿದರೂ ಸಾಕು, ಉಳಿದವು ಕಾಯಬೇಕಾಗುತ್ತದೆ.

ಎರಡನೇ ತಾಲೀಮು 40 ಸೆಕೆಂಡಿನಲ್ಲಿ ಎಲ್ಲರನ್ನೂ ಒಳಗೆ ಬಿಟ್ಟಿತು. ಆದರೂ ಲಾಗಿನ್ ಒಟ್ಟಿಗೆ ಬೇಡ, ಸಾಲು ಸಾಲಾಗಿ ಅರ್ಧರ್ಧ ನಿಮಿಷ ಬಿಟ್ಟು ಮಾಡಿಸುವುದೆಂದು ಇಟ್ಟುಕೊಂಡೆ. ಮಕ್ಕಳನ್ನು 18ರಂತೆ ಮೂರು ತಂಡ ಮಾಡಿದೆ. ಎರಡು ಕಂಪ್ಯೂಟರ್ ಯಾವಾಗಲೂ ಖಾಲಿ, ಲಾಗಿನ್ ಪುಟ ತೆರೆದೇ ಇರಬೇಕು. ಇಪ್ಪತ್ತಿದೆಯೆಂದು ಇಪ್ಪತ್ತಕ್ಕೂ ಮಕ್ಕಳನ್ನು ಕೂರಿಸುವುದು ಶುದ್ಧ ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪರೀಕ್ಷೆಗೆ ಮೂರು ದಿನ ಇರುವಾಗ ಇಡೀ ಲ್ಯಾಬ್ ಸ್ತಬ್ಧವಾಯಿತು. ಸ್ವಿಚ್ಚಿನ ದೀಪಗಳೆಲ್ಲ ಒಂದೇ ತಾಳಕ್ಕೆ ಪಟಪಟ ಮಿಣುಕುತ್ತಿದ್ದವು. ಮಾಮೂಲಿಯಾಗಿ ಒಂದೊಂದು ದೀಪ ತನ್ನ ಪಾಡಿಗೆ ಮಿಣುಕುತ್ತದೆ. ಎಲ್ಲವೂ ಒಟ್ಟಿಗೆ ಕುಣಿದರೆ ಎಲ್ಲೋ ಸುತ್ತು ಬಿದ್ದಿದೆ ಎಂದೇ ಅರ್ಥ. ಹಿಂದೆ ಬಗ್ಗಿ ನೋಡಿದರೆ ಒಂದೇ ಕೇಬಲ್ಲಿನ ಎರಡೂ ತುದಿ ಅದೇ ಸ್ವಿಚ್ಚಿನಲ್ಲಿ. ಕಸ ಗುಡಿಸಲು ಬಂದಿದ್ದ ಪ್ಯೂನ್ ಅಣ್ಣ, "ಒಂದು ಬದಿ ನೇತಾಡ್ತಾ ಇತ್ತು ಅಕ್ಕೋರೇ, ಕಾಲಿಗೆ ಸಿಕ್ಕುದು ಬೇಡ ಅಂತ ನಾನೇ ಸಿಕ್ಸಿದೆ" ಅಂದರು. ಪಾಪ, ಒಳ್ಳೆಯದಕ್ಕೇ ಮಾಡಿದ್ದು. ನಮ್ಮಂಥ ಸಾದಾ ಸ್ವಿಚ್ಚಿಗೆ ಈ ಸುತ್ತನ್ನು ಗುರುತಿಸಿ ಮುಚ್ಚುವ ಬುದ್ಧಿ ಇರುವುದಿಲ್ಲ, ಒಂದೇ ಸಂದೇಶ ಸುತ್ತಿ ಸುತ್ತಿ ಎಲ್ಲರ ದಾರಿ ಕಟ್ಟುತ್ತದೆ. ಉಪಯೋಗವಿಲ್ಲದ ತಂತಿಗಳನ್ನೆಲ್ಲ ಅವತ್ತೇ ಕಿತ್ತು, ಉಳಿದವುಗಳ ಎರಡೂ ತುದಿಗೆ ನಂಬರ್ ಅಂಟಿಸಿದೆವು. ನಂಬರ್ ಬರೆದದ್ದು ಅಣ್ಣನೇ, ಅವರ ಅಕ್ಷರ ನನ್ನದಕ್ಕಿಂತ ದುಂಡು.

ಶಾಲೆಗೆ ಇಂಟರ್ನೆಟ್ ತರುವ ಹೊರಗಿನ ಫೈಬರ್ ತಂತಿ ನಮ್ಮ ಕೈಯಲ್ಲಿಲ್ಲ. ಆದರೂ ಶಾಲೆಯ ಕಾಂಪೌಂಡಿನವರೆಗೆ ನಡೆದು ನೋಡಿದ್ದು ಒಳ್ಳೆಯದಾಯಿತು. ತೆಂಗಿನ ಮರಕ್ಕೆ ಬಿಗಿಯಾಗಿ ಸುತ್ತಿ ಕಟ್ಟಿದ್ದ ಕಡೆ ತಂತಿ ಮಡಿಚಿಕೊಂಡಿತ್ತು. ಫೈಬರ್ ಒಳಗೆ ಹೋಗುವುದು ಬೆಳಕು, ಚೂಪಾಗಿ ಮಡಿಚಿದರೆ ಅಲ್ಲೇ ಸೋರುತ್ತದೆ. ಮೋಡೆಮ್ಮಿನ ಪುಟದಲ್ಲಿ ಬೆಳಕಿನ ಮಟ್ಟ ಮೈನಸ್ 26 ಡಿಬಿಎಂ ಇತ್ತು (ಡಿಬಿಎಂ ಎಂದರೆ ಬೆಳಕಿನ ಬಲದ ಅಳತೆ, ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ), ಅಂಚಿಗೆ ಬಂದು ನಿಂತಿತ್ತು ಅನ್ನಿ. ಲೈನಿನ ಹುಡುಗ ಬಂದು ಕಟ್ಟು ಸಡಿಲಿಸಿ ದೊಡ್ಡ ಸುತ್ತಾಗಿ ಬಿಟ್ಟ ಮೇಲೆ ಮೈನಸ್ 21ಕ್ಕೆ ಬಂತು. ಮೇಲಾಗಿ ಬೇರೆ ಕಂಪನಿಯ ಸಿಮ್ ಹಾಕಿದ 4ಜಿ ರೂಟರ್ ಒಂದನ್ನು ಪಕ್ಕದಲ್ಲಿಟ್ಟು, ನಡು ಪರೀಕ್ಷೆಯಲ್ಲಿ ಫೈಬರ್ ಕಿತ್ತು ಅದಕ್ಕೆ ಬದಲಾಯಿಸುವ ತಾಲೀಮೂ ಒಂದು ಸಲ ಮಾಡಿದೆವು. ಎಲ್ಲರೂ ಮತ್ತೆ ಲಾಗಿನ್ ಆಗಬೇಕಾಯಿತು, ಬರೆದ ಉತ್ತರ ಮಾತ್ರ ಹೋಗಲಿಲ್ಲ. ಇದನ್ನು ಮಕ್ಕಳ ಕಣ್ಣೆದುರೇ ಮಾಡಿ ತೋರಿಸಿದ್ದು ಬೇಕೆಂದೇ.

ಮಕ್ಕಳ ತಯಾರಿಯನ್ನು ನಾನು ತಡವಾಗಿ ನೆನಪಿಸಿಕೊಂಡೆ. ಮೊಬೈಲಿನಲ್ಲಿ ಪಳಗಿದ ಬೆರಳುಗಳು. ಒಬ್ಬ ಹುಡುಗ ಉತ್ತರವನ್ನು ಪರದೆಯ ಮೇಲೇ ಬೆರಳಿನಿಂದ ಒತ್ತಿ ಒತ್ತಿ ನೋಡಿ, ನಂತರ ನನ್ನ ಮುಖ ನೋಡಿದ. ಮೌಸಿನ ಚಕ್ರ ತಿರುಗಿಸಿದರೆ ಕೆಳಗಿನ ಪ್ರಶ್ನೆ ಬರುತ್ತದೆ ಎಂದು ಐದಾರು ಮಕ್ಕಳಿಗೆ ಗೊತ್ತೇ ಇರಲಿಲ್ಲ. ದಿನಾ ಸಂಜೆ ಅರ್ಧ ತಾಸು ಮೂಡಲ್‌ನಲ್ಲಿ ಹಳೆಯ ಪ್ರಶ್ನೆಗಳನ್ನು ಹಾಕಿ ಕೈ ಪಳಗಿಸಿದೆ. ನಾಲ್ಕು ದಿನಕ್ಕೆ ಭಯ ಹೋಯಿತು.

ಪರೀಕ್ಷೆಯ ದಿನ ಎರಡನೇ ತಂಡ ಬರೆಯುತ್ತಿತ್ತು. ಹೊರಗೆ ಜಡಿಮಳೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಕರೆಂಟು ಹೋಯಿತು. ಫ್ಯಾನ್ ನಿಂತಿತು, ಯುಪಿಎಸ್‌ಗಳು ಕೂಗತೊಡಗಿದವು. ಮೋಡೆಮ್ ಮತ್ತು ಸ್ವಿಚ್ಚಿಗೆ ಬೇರೆಯೇ ಯುಪಿಎಸ್ ಇಟ್ಟಿದ್ದರಿಂದ ಸಂಪರ್ಕ ಅಲುಗಲಿಲ್ಲ. 14ನೇ ಕಂಪ್ಯೂಟರಿನ ಯುಪಿಎಸ್ ಮಾತ್ರ ಅರ್ಧ ನಿಮಿಷಕ್ಕೆ ಕೈಕೊಟ್ಟಿತು, ಪರದೆ ಕಪ್ಪಾಯಿತು. ಅಲ್ಲಿದ್ದವಳು ಮೊದಲ ತಾಲೀಮಿನಲ್ಲಿ ತಪ್ಪು ಒತ್ತಿದೆ ಎಂದು ಹೆದರಿದ್ದ ಅದೇ ಹುಡುಗಿ. ನಾನು ಅವಳ ಹತ್ತಿರ ಹೋಗುವಷ್ಟರಲ್ಲಿ ಎದ್ದು, ಖಾಲಿ ಇಟ್ಟಿದ್ದ 20ನೆಯದಕ್ಕೆ ಹೋಗಿ ಕೂತು, ತನ್ನ ನಂಬರ್ ಹಾಕಿ ಲಾಗಿನ್ ಆದಳು. "23ರವರೆಗೂ ಹಾಗೇ ಉಂಟು ಅಕ್ಕೋರೇ" ಎಂದು ಪಿಸುಗುಟ್ಟಿ, 24ನೇ ಪ್ರಶ್ನೆ ಓದತೊಡಗಿದಳು.