20 ಬೈಟಿನ ಬ್ಯಾಕಪ್: ನನ್ನ ಅನುಭವ

ಶಿರಸಿಯ ಒಂದು ಅಡಿಕೆ ಮಂಡಿಯ ಲೆಕ್ಕದ ಕಂಪ್ಯೂಟರು ನನ್ನ ಕೈಯಲ್ಲಿದೆ. ರಾತ್ರಿ ಬ್ಯಾಕಪ್‌ಗೆ ನನ್ನ ಬ್ಯಾಷ್ ಸ್ಕ್ರಿಪ್ಟೇ (ಸಾಲಾಗಿ ಓಡುವ ಕಮಾಂಡ್‌ಗಳ ಫೈಲು) ಸಾಕು ಅಂದಾಗ ಯಾರೂ ನಂಬಲಿಲ್ಲ. ವರ್ಷಕ್ಕೆ ಹನ್ನೆರಡು ಸಾವಿರ ಕೊಟ್ಟು ಸಾಫ್ಟ್‌ವೇರ್ ತಗೊಳ್ಳಿ ಅಂದವರೇ ಜಾಸ್ತಿ. ಮೊದಲು ಒಮ್ಮೆ ಎಡವಿದೆ; ತಿದ್ದಿದ ಮೇಲೆ ಈಗ ಎರಡು ಮಳೆಗಾಲ ದಾಟಿದೆ. ಒಳ್ಳೆಯ ಪ್ರತಿ ಒಂದೂ ಕೈತಪ್ಪಿಲ್ಲ.

ಹಳೆಯ ಸಾಲು ಎಲ್ಲರೂ ಬರೆಯುವಂಥದ್ದೇ. ಡೇಟಾಬೇಸಿನ ಪ್ರತಿ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್, ಅಲ್ಲಿಂದ ಅದನ್ನು ಕುಗ್ಗಿಸುವ ಜಿಜಿಪ್‌ಗೆ ಪೈಪ್ (ಒಂದರ ಔಟ್‌ಪುಟ್ ಇನ್ನೊಂದಕ್ಕೆ), ಕೊನೆಗೆ > ಹಾಕಿ, ಅಂದರೆ ಔಟ್‌ಪುಟ್ ಬರೆಸಲು, ದಿನವೂ ಅದೇ ಫೈಲು. ಪಾಸ್‌ವರ್ಡ್ ಎಚ್ಚರಿಕೆಯ ಕಿರಿಕಿರಿ ಬೇಡ ಅಂತ ಡಂಪಿನ ಎರರ್ ಎಲ್ಲಾ ಡೆವ್‌ನಲ್‌ಗೆ, ಅಂದರೆ ಬಿದ್ದದ್ದೆಲ್ಲ ಮಾಯವಾಗುವ ಗುಂಡಿಗೆ. ಹೊಸ ವರ್ಷನ್ ಹಾಕಿದಾಗ ಡಂಪ್ ಪ್ರೋಗ್ರಾಮು ಬೇರೆ ಫೋಲ್ಡರಿಗೆ ಹೋಯಿತು. ನಾನು ಟರ್ಮಿನಲ್‌ನಲ್ಲಿ ಓಡಿಸಿದರೆ ಸಿಗುತ್ತಿತ್ತು. ರಾತ್ರಿ ಸ್ಕ್ರಿಪ್ಟನ್ನು ತಾನೇ ಓಡಿಸುವ ಕ್ರಾನ್‌ನ ಪಾತ್ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಪುಟ್ಟದು, ಅಲ್ಲಿ ಸಿಗಲಿಲ್ಲ. ಶೆಲ್, ಅಂದರೆ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮು, 'ನಾಟ್ ಫೌಂಡ್' ಅಂತ ಕೂಗಿದ್ದು ನಿಜ. ಆದರೆ ಆ ಕೂಗೂ ಎರರ್ ದಾರಿಯಲ್ಲೇ ಬರೋದು ಅಲ್ವಾ, ಡೆವ್‌ನಲ್ ನುಂಗಿತು. ಜಿಜಿಪ್ ಏನೂ ಬರದ ಪೈಪನ್ನೇ ಕುಗ್ಗಿಸಿ, ಸರಿಯಾಗಿ 20 ಬೈಟಿನ ಫೈಲು ಇಟ್ಟು, 'ಎಲ್ಲ ಸರಿ' ಅನ್ನೋ ಸೊನ್ನೆ ಸ್ಟೇಟಸ್ ಕೊಟ್ಟು ಹೋಯಿತು. ಪೈಪಿನಲ್ಲಿ ಕೊನೆಯವನ ಮಾತೇ ಮಾತು. 'ಕಮಾಂಡ್ ಸಿಗಲಿಲ್ಲ' ಅನ್ನೋ 127 ಸ್ಟೇಟಸ್ ಅಲ್ಲೇ ಮುಚ್ಚಿಹೋಯಿತು.

ಮಾರ್ಚ್‌ನಲ್ಲಿ, ಚಾಲಿ ಅಡಿಕೆ ಬರುವ ಹೊತ್ತಿಗೆ, ಡಿಸ್ಕ್ ಹೋಯಿತು. ಉಳಿದಿದ್ದು ಪೆನ್‌ಡ್ರೈವಿನ ಹಿಂದಿನ ತಿಂಗಳ ಪ್ರತಿ ಮಾತ್ರ. ಇಬ್ಬರು ಹುಡುಗರು ಒಂಬತ್ತು ದಿನ ತೂಕದ ಚೀಟಿ ನೋಡಿ ಮತ್ತೆ ಟೈಪ್ ಮಾಡಿದರು. ಖರ್ಚು ಸುಮಾರು ಹದಿನೆಂಟು ಸಾವಿರ ರೂಪಾಯಿ. ಅರ್ಧ ನಾನೇ ಕೊಟ್ಟೆ.

ಪೈಪ್ ತೆಗೆದು ನೋಡಿದೆ. ಆಗಲೂ ಖಾಲಿಯೇ, ಫೈಲು ಸೊನ್ನೆ ಬೈಟು! ಶೆಲ್ ಮೊದಲು > ಫೈಲನ್ನು ತೆರೆದು ಖಾಲಿ ಮಾಡುತ್ತದೆ, ಆಮೇಲೆ ಕಮಾಂಡ್ ಓಡಿಸಲು ಹೋಗುತ್ತದೆ. ಬ್ಯಾಷ್, ಡ್ಯಾಶ್, ಜೆಡ್‌ಶೆಲ್ ಮೂರೂ ಶೆಲ್‌ಗಳಲ್ಲಿ ಹೀಗೇ ಆಯಿತು. ನಿನ್ನೆಯ ಒಳ್ಳೆಯ ಪ್ರತಿಯ ಮೇಲೆ ನೇರ > ಹಾಕೋದೇ ತಪ್ಪು.

ಪೈಪಿನಲ್ಲಿ ಯಾರು ಸೋತರೂ ಸೋಲು ಅಂತ ಎಣಿಸುವ ಪೈಪ್‌ಫೇಲ್ ಆಪ್ಷನ್ ಹಾಕಿದೆ. ಯಾವ ಶೆಲ್ ಅಂತ ಹೇಳುವ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ 'ಎಸ್‌ಎಚ್' ಇತ್ತು, ಆ ಮಶೀನಿನ ಉಬುಂಟುವಿನಲ್ಲಿ ಅದು ಡ್ಯಾಶ್. 'ಇಲ್ಲೀಗಲ್ ಆಪ್ಷನ್' ಅಂತ ನಿಂತೇಬಿಟ್ಟಿತು. ಒಂದು ರಾತ್ರಿ ಹೋಯಿತು. ಬ್ಯಾಷ್ ಅಂತ ಬದಲಿಸಿದ ಮೇಲೆ 127 ಕೈಗೆ ಸಿಕ್ಕಿತು.

ನಡುವೆ ಒಂದು ವಾರ ಕಮಾಂಡ್ ನಾಟ್ ಫೌಂಡ್ ಹ್ಯಾಂಡಲ್ ಹಿಂದೆ ಬಿದ್ದೆ. ಕಮಾಂಡ್ ಸಿಗದಾಗ ಬ್ಯಾಷ್ ತಾನೇ ಕರೆಯುವ, ಬ್ಯಾಷ್ 4ರಿಂದ ಇರೋ ಫಂಕ್ಷನ್ ಅದು. ಚೆಂದದ ಕನ್ನಡ ಸಂದೇಶ ಬರೆಸಿದೆ. ಆದರೆ ಅದು ಬೇರೆ ಪ್ರೊಸೆಸ್‌ನಲ್ಲಿ ಓಡುತ್ತದೆ, ಒಳಗೆ ಇಟ್ಟ ವೇರಿಯಬಲ್ ಹೊರಗೆ ಬರಲ್ಲ. ಫಂಕ್ಷನ್ ಸೊನ್ನೆ ಕೊಟ್ಟರೆ 127 ಕೂಡ ಮಾಯ. ಕಿತ್ತು ಹಾಕಿದೆ.

ಈಗ ಡಂಪಿಗೆ ಪೂರ್ತಿ ಪಾತ್. ಬರೆಯೋದು ತಾತ್ಕಾಲಿಕ ಫೈಲಿಗೆ. ಎರರ್ ಬೇರೆ ಲಾಗಿಗೆ. ಸ್ಟೇಟಸ್ ಸೊನ್ನೆ ಇದ್ದು, ಕೊನೆಯ ಸಾಲಿನಲ್ಲಿ 'ಡಂಪ್ ಕಂಪ್ಲೀಟೆಡ್' ಇದ್ದರೆ ಮಾತ್ರ ಎಂವಿ (ಫೈಲು ಸರಿಸುವ ಕಮಾಂಡ್) ಮಾಡಿ ಹಳೆಯದರ ಜಾಗಕ್ಕೆ. ಕೆಟ್ಟರೆ ನನ್ನ ಫೋನಿಗೆ ಹೇಗೆ ಗೊತ್ತಾಗುತ್ತದೆ ಅನ್ನೋದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಖರ್ಚು ಮಾತ್ರ ಒಂದು ರೂಪಾಯಿಯೂ ಇಲ್ಲ.

ತಿಂಗಳಿಗೊಮ್ಮೆ ಡಂಪಿನ ಹೆಸರನ್ನು ಬೇಕಂತಲೇ ಬದಲಿಸಿ ಸ್ಕ್ರಿಪ್ಟ್ ಓಡಿಸುತ್ತೇನೆ. ಕಳೆದ ಸಲವೂ ಫೋನ್ ಕೂಗಿತು. ನಿನ್ನೆಯ ಫೈಲು ಹತ್ತಿರ ಹತ್ತಿರ 40 ಎಂಬಿ, ಇದ್ದ ಹಾಗೇ ಇತ್ತು.